ಹೊನ್ನಾವರದ ವಕೀಲ, ಮುಂಬಯಿಯ ಸುಧಾರಕ: ನಾರಾಯಣ ಚಂದಾವರ್ಕರ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾವು ಕೆಲವು ಮುಂಬಯಿ ಕನ್ನಡಿಗರು ಆಗಾಗ ಭಾನುವಾರ ಬೆಳಿಗ್ಗೆ ಗಿರ್ಗಾಂವ್, ಫೋರ್ಟ್ ಕಡೆ ನಡೆದು ಬರುತ್ತೇವೆ. ಹಳೇ ಕಟ್ಟಡ ನೋಡುತ್ತೇವೆ, ಯಾವುದಾದರೂ ನಮ್ಮವರ ಹೋಟೆಲಿನಲ್ಲಿ ತಿಂಡಿ ತಿನ್ನುತ್ತೇವೆ, ಮನೆಗೆ ಬರುತ್ತೇವೆ. ದಾರಿಯಲ್ಲಿ ನಾನು ಪ್ರತಿ ಸಲವೂ ಒಬ್ಬರ ಹೆಸರು ತೆಗೆಯುತ್ತೇನೆ. ಸರ್ ನಾರಾಯಣ ಗಣೇಶ ಚಂದಾವರ್ಕರ್. ಹೆಚ್ಚಿನವರು ಕೇಳಿಯೇ ಇರುವುದಿಲ್ಲ. ಆಮೇಲೆ ಒಂದರ ಹಿಂದೆ ಒಂದು ಪ್ರಶ್ನೆ. ಅದೇ ಪ್ರಶ್ನೆಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಯಾರು ಇವರು? ಮೊದಲು ಚಿಕ್ಕದಾಗಿ ಹೇಳಿ.

1855ರ ಡಿಸೆಂಬರ್ 2ರಂದು ಹೊನ್ನಾವರದಲ್ಲಿ ಹುಟ್ಟಿದರು. ಮುಂಬಯಿಯಲ್ಲಿ ವಕೀಲರಾದರು. 1900ರಲ್ಲಿ ಲಾಹೋರಿನಲ್ಲಿ ನಡೆದ ಕಾಂಗ್ರೆಸ್ ಅಧಿವೇಶನಕ್ಕೆ ಅಧ್ಯಕ್ಷರಾಗಿದ್ದರು. ಮರುವರ್ಷ ಮುಂಬಯಿ ಹೈಕೋರ್ಟಿನ ನ್ಯಾಯಮೂರ್ತಿಯಾದರು. ಇಷ್ಟರ ನಡುವೆ ಪ್ರಾರ್ಥನಾ ಸಮಾಜ ಅನ್ನುವ ಸುಧಾರಕರ ಸಂಘದ ಮುಂದಾಳತ್ವ, ಗಿರಣಿ ಕೂಲಿಗಾರರಿಗಾಗಿ ಕೆಲಸ, ಅಸ್ಪೃಶ್ಯತೆಯ ವಿರುದ್ಧ ಕೆಲಸ. ತೀರಿಕೊಂಡದ್ದು 1923ರ ಮೇ 14ರಂದು.

ಅವರು ಕನ್ನಡದವರಾ, ಕೊಂಕಣಿಯವರಾ, ಮರಾಠಿಯವರಾ?

ಇದು ಎಲ್ಲರೂ ಕೇಳುವ ಪ್ರಶ್ನೆ. ಚಿತ್ರಾಪುರ ಸಾರಸ್ವತರ ಮನೆತನ. ಅಂದರೆ ಆ ಮನೆಗಳ ಮಾತು ಕೊಂಕಣಿ, ಊರಿನ ಮಾತು ಕನ್ನಡ. ಮುಂಬಯಿಗೆ ಬಂದ ಮೇಲೆ ಸುತ್ತಲೂ ಮರಾಠಿ. ಓದು, ಕೋರ್ಟು, ಬರವಣಿಗೆ ಎಲ್ಲ ಇಂಗ್ಲಿಷ್. ನಮ್ಮ ಘಟ್ಟದ ಕೆಳಗಿನವರಿಗೆ ಇದೇನೂ ಹೊಸದಲ್ಲ ಅಲ್ವಾ? ಹಾಲಿನವನ ಹತ್ತಿರ ಒಂದು ಭಾಷೆ, ಅಜ್ಜಿಯ ಹತ್ತಿರ ಇನ್ನೊಂದು, ಆಫೀಸಿನಲ್ಲಿ ಮತ್ತೊಂದು.

ಚಂದಾವರ ಅನ್ನುವುದು ಹೊನ್ನಾವರಕ್ಕೂ ಕುಮಟಾಕ್ಕೂ ನಡುವೆ ಇರುವ ಊರು. ಊರಿನ ಹೆಸರಿಗೆ ‘ಕರ್’ ಸೇರಿ ಅಡ್ಡಹೆಸರು ಆಯಿತು. ಆ ‘ಕರ್’ ನೋಡಿಯೇ ಎಷ್ಟೋ ಜನ ಇವರನ್ನು ಮಹಾರಾಷ್ಟ್ರದವರು ಅಂದುಕೊಂಡು ಮುಂದೆ ಹೋಗುತ್ತಾರೆ. ಯಾವ ರಾಜ್ಯಕ್ಕೆ ಸೇರಿದವರು ಅಂತ ಜಗಳ ಆಡುವುದರಲ್ಲಿ ನನಗೆ ಆಸಕ್ತಿ ಇಲ್ಲ. ಆದರೆ ಶರಾವತಿ ಕಡಲು ಸೇರುವ ಊರಿನಲ್ಲಿ ಹುಟ್ಟಿದ ಹುಡುಗ ಈ ಶಹರಕ್ಕೆ ಏನು ಮಾಡಿದ ಅನ್ನುವುದು ನಮ್ಮ ಮಕ್ಕಳಿಗೆ ಗೊತ್ತಿರಬೇಕು.

ಹೊನ್ನಾವರದಿಂದ ಮುಂಬಯಿಗೇ ಯಾಕೆ ಬಂದರು? ಮಂಗಳೂರು, ಮದ್ರಾಸು ಹತ್ತಿರ ಇರಲಿಲ್ಲವೇ?

ಇಲ್ಲಿ ಒಂದು ಸ್ವಾರಸ್ಯ ಇದೆ. ಅವರು ಹುಟ್ಟಿದಾಗ ಹೊನ್ನಾವರ ಮದ್ರಾಸ್ ಪ್ರೆಸಿಡೆನ್ಸಿಯಲ್ಲಿತ್ತು. ಕೆನರಾ ಅನ್ನುವ ದೊಡ್ಡ ಜಿಲ್ಲೆ ಒಡೆದು ಉತ್ತರ, ದಕ್ಷಿಣ ಅಂತ ಎರಡಾಯಿತು. 1862ರಲ್ಲಿ ಉತ್ತರ ಕನ್ನಡವನ್ನು ಮುಂಬಯಿ ಪ್ರೆಸಿಡೆನ್ಸಿಗೆ ಸೇರಿಸಿದರು. ಆಗ ಹುಡುಗನಿಗೆ ಆರೇಳು ವರ್ಷ. ಒಂದು ಸರಕಾರಿ ಕಾಗದದಿಂದ ಊರಿನ ಮುಖ ಮದ್ರಾಸಿನ ಕಡೆಯಿಂದ ಮುಂಬಯಿ ಕಡೆಗೆ ತಿರುಗಿತು. ಶಾಲೆ, ಪರೀಕ್ಷೆ, ನೌಕರಿ, ಅಪೀಲು ಎಲ್ಲದಕ್ಕೂ ಮುಂಬಯಿಯೇ ದಿಕ್ಕು.

ಅದೇ 1862ರಲ್ಲೇ ಮುಂಬಯಿ ಹೈಕೋರ್ಟ್ ಕೂಡ ಶುರುವಾಯಿತು. ಉತ್ತರ ಕನ್ನಡ, ಧಾರವಾಡ, ಬೆಳಗಾವಿ, ವಿಜಾಪುರ ಜಿಲ್ಲೆಗಳ ಅಪೀಲುಗಳು ಇಲ್ಲಿಗೇ ಬರುತ್ತಿದ್ದವು. 1956ರಲ್ಲಿ ರಾಜ್ಯಗಳು ಮರುವಿಂಗಡಣೆ ಆಗುವವರೆಗೂ ಆ ಜಿಲ್ಲೆಗಳು ಮುಂಬಯಿಗೇ ಸೇರಿದ್ದವು. ಅಂದರೆ ಶಿರಸಿಯ ಅಡಿಕೆ ತೋಟದ ತಕರಾರು, ಧಾರವಾಡದ ದತ್ತಕದ ವ್ಯಾಜ್ಯ, ಕನ್ನಡದಲ್ಲಿ ಬರೆದ ಕ್ರಯಪತ್ರ, ಇವೆಲ್ಲ ಗಂಟು ಕಟ್ಟಿಕೊಂಡು ಈ ಶಹರಕ್ಕೇ ಬರಬೇಕಿತ್ತು. ಮುಂಬಯಿ ಕನ್ನಡಿಗರ ಕಥೆ ಅಂದ ಕೂಡಲೇ ನಾವು ಉಡುಪಿ ಹೋಟೆಲಿನಿಂದ ಶುರು ಮಾಡುತ್ತೇವೆ. ಅದಕ್ಕೂ ಮೊದಲು ಕಾಗದದ ಗಂಟು ಹಿಡಿದು ಬಂದ ಕಕ್ಷಿದಾರರು ಇದ್ದರು, ಅವರ ಪರ ನಿಂತ ವಕೀಲರು ಇದ್ದರು.

ಬರುವ ದಾರಿ ಸಮುದ್ರದ್ದು. ಮಳೆಗಾಲದಲ್ಲಿ ಅದೂ ಬಂದ್. ಕೊಂಕಣ ರೈಲು ಪೂರ್ತಿಯಾಗಿ ಓಡಿದ್ದು 1998ರಲ್ಲಿ. ಈಗ ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆ ಹೊನ್ನಾವರ ದಾಟಿರುತ್ತೇವೆ.

ಶಾಮರಾವ್ ವಿಠ್ಠಲ್ ಬ್ಯಾಂಕಿಗೂ ಇವರಿಗೂ ಏನಾದರೂ ನಂಟು ಇದೆಯೇ?

ಇದೆ. ಬ್ಯಾಂಕಿಗೆ ಹೆಸರು ಬಂದದ್ದು ಶಾಮರಾವ್ ವಿಠ್ಠಲ ಕಾಯ್ಕಿಣಿ ಅವರಿಂದ. ಅವರೂ ವಕೀಲರು, ಅವರೂ ಸುಧಾರಣೆಯ ಮುಂಚೂಣಿಯಲ್ಲಿದ್ದವರು, ಚಂದಾವರ್ಕರ್ ಅವರಿಗೆ ಸೋದರಮಾವ. 1906ರ ಡಿಸೆಂಬರಿನಲ್ಲಿ ಶ್ರೀಪಾದ ಸುಬ್ಬರಾವ್ ತಲ್ಮಕಿ ಅವರು ತಮ್ಮ ಗುರುವಿನ ಹೆಸರಿಟ್ಟು ಆ ಸಹಕಾರಿ ಸಂಸ್ಥೆ ಕಟ್ಟಿದರು. ಗಾಮ್‌ದೇವಿಯ ಸಾರಸ್ವತ ಸಹಕಾರಿ ವಸತಿ ಸಂಘವೂ ತಲ್ಮಕಿಯವರದೇ ಕೆಲಸ, 1915ರದು.

ಊರಿನಿಂದ ಬಂದ ಹುಡುಗನಿಗೆ ಶಹರದಲ್ಲಿ ಒಬ್ಬ ಮಾವ ಇದ್ದರೆ ಎಷ್ಟು ಬಲ ಅಂತ ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ನಮ್ಮಲ್ಲಿ ಎಷ್ಟು ಮಂದಿ ಮಾವನ ಚಾಳಿನ ಕೋಣೆಯ ಮೂಲೆಯಲ್ಲಿ ಚಾಪೆ ಹಾಸಿಕೊಂಡು ಜೀವನ ಶುರು ಮಾಡಿಲ್ಲ?

ಅವರು ಬ್ಯಾರಿಸ್ಟರ್ ಆಗಿದ್ದರಾ?

ಅಲ್ಲ. ಬ್ಯಾರಿಸ್ಟರ್ ಆಗಬೇಕಾದರೆ ವಿಲಾಯತಿಗೆ ಹೋಗಿ ಅಲ್ಲಿ ಓದಬೇಕಿತ್ತು. ಚಂದಾವರ್ಕರ್ ಕಾನೂನು ಓದಿದ್ದು ಇಲ್ಲೇ, 1881ರಲ್ಲಿ ಎಲ್‌ಎಲ್‌ಬಿ. ಅದಕ್ಕೆ ಮುಂಚೆ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ದಕ್ಷಿಣಾ ಫೆಲೋ ಆಗಿದ್ದರು. ಪೇಶ್ವೆಗಳು ಬ್ರಾಹ್ಮಣರಿಗೆ ಕೊಡುತ್ತಿದ್ದ ದಕ್ಷಿಣೆಯ ಹಣವನ್ನೇ ಬ್ರಿಟಿಷರು ಮುಂದೆ ವಿದ್ಯಾರ್ಥಿಗಳ ಫೆಲೋಶಿಪ್ ಮಾಡಿದ್ದರು. ಹೆಸರು ಮಾತ್ರ ಹಳೆಯದೇ ಉಳಿಯಿತು.

ಆಗಿನ ಹೈಕೋರ್ಟಿನಲ್ಲಿ ಎರಡು ಭಾಗ. ಮುಂಬಯಿ ಶಹರದ ದೊಡ್ಡ ದಾವೆಗಳು ನಡೆಯುವ ಒರಿಜಿನಲ್ ಸೈಡ್‌ನಲ್ಲಿ ಬ್ಯಾರಿಸ್ಟರುಗಳ ದರ್ಬಾರು. ಜಿಲ್ಲೆಗಳಿಂದ ಬರುವ ಮೇಲ್ಮನವಿಗಳ ಅಪೀಲು ಭಾಗದಲ್ಲಿ ವಕೀಲರು. ಹಣ ಮೊದಲನೆಯದರಲ್ಲಿ ಜಾಸ್ತಿ. ಹಳ್ಳಿಯ ಬದುಕು ಕಾಣುತ್ತಿದ್ದದ್ದು ಎರಡನೆಯದರಲ್ಲಿ. ಆಸ್ತಿ ಇಲ್ಲದ ವಿಧವೆ, ದತ್ತು ಹೋದ ಮಗ, ಪಾಲು ಸಿಗದ ತಮ್ಮ, ಇವರೆಲ್ಲ ಅಪೀಲಿನ ಕಾಗದದಲ್ಲಿ ಇರುತ್ತಾರೆ. ಅವರ ಸುಧಾರಣೆಯ ಹಂಬಲಕ್ಕೆ ಈ ಕಾಗದಗಳೂ ಕಾರಣ ಅಂತ ನನ್ನ ಎಣಿಕೆ.

ಪತ್ರಿಕೆಯಲ್ಲೂ ಕೆಲಸ ಮಾಡಿದ್ದರಂತೆ?

ಹೌದು. ‘ಇಂದುಪ್ರಕಾಶ’ ಅಂತ ಮುಂಬಯಿಯ ವಾರಪತ್ರಿಕೆ. ಅರ್ಧ ಮರಾಠಿ, ಅರ್ಧ ಇಂಗ್ಲಿಷ್. 1878ರಿಂದ 1889ರವರೆಗೆ ಅದರ ಇಂಗ್ಲಿಷ್ ಭಾಗದ ಸಂಪಾದಕರು ಇವರು. ಶುರು ಮಾಡಿದಾಗ ವಯಸ್ಸು 23 ಕೂಡ ತುಂಬಿರಲಿಲ್ಲ. ಅದು ಸುಧಾರಕರ ಪತ್ರಿಕೆ. ಅದರ ಹಿಂದಿನ ಸಂಪಾದಕ ವಿಷ್ಣುಶಾಸ್ತ್ರಿ ಪಂಡಿತ್ ವಿಧವಾ ವಿವಾಹಕ್ಕಾಗಿ ಊರೂರು ಅಲೆದವರು, ಕೊನೆಗೆ ತಾವೇ ಒಬ್ಬ ವಿಧವೆಯನ್ನು ಮದುವೆಯಾದವರು. ಅಂಥ ಮೇಜಿನ ಮುಂದೆ ಕೂತರೆ ಬರೆಯುವವನ ಬೆನ್ನು ತಾನಾಗಿಯೇ ನೆಟ್ಟಗಾಗುತ್ತದೆ.

1885ರಲ್ಲಿ ಇಂಗ್ಲೆಂಡಿಗೆ ಹೋದದ್ದು ಯಾಕೆ?

ಆ ವರ್ಷ ಅಲ್ಲಿ ಚುನಾವಣೆ. ಭಾರತದ ಸ್ಥಿತಿ ಹೇಗಿದೆ ಅಂತ ಅಲ್ಲಿನ ಮತದಾರರಿಗೆ ನೇರವಾಗಿ ಹೇಳಬೇಕು ಅಂತ ಇಲ್ಲಿನ ಸಂಘಗಳು ಮೂವರನ್ನು ಕಳಿಸಿದವು. ಬಂಗಾಳದಿಂದ ಮನಮೋಹನ ಘೋಷ್, ಮದ್ರಾಸಿನಿಂದ ಸೇಲಂ ರಾಮಸ್ವಾಮಿ ಮೊದಲಿಯಾರ್, ಮುಂಬಯಿಯಿಂದ ಚಂದಾವರ್ಕರ್. ವಯಸ್ಸು ಇನ್ನೂ 30 ದಾಟಿರಲಿಲ್ಲ. ಊರೂರು ತಿರುಗಿ ಭಾಷಣ ಮಾಡಿದರು.

ಇದರಲ್ಲಿ ಭಾಷಣಕ್ಕಿಂತ ದೊಡ್ಡ ವಿಷಯ ಸಮುದ್ರ ದಾಟಿದ್ದು. ಕರಾವಳಿಯ ಮನೆತನಗಳಲ್ಲಿ ದೋಣಿ ಹತ್ತಿ ಮುಂಬಯಿಗೆ ಹೋದರೆ ತಪ್ಪಿಲ್ಲ, ಕಪ್ಪುನೀರು ದಾಟಿದರೆ ಜಾತಿ ಹೋಯಿತು ಅನ್ನುವ ಕಾಲ. ವಾಪಸು ಬಂದವರಿಗೆ ಪ್ರಾಯಶ್ಚಿತ್ತ, ಪಂಕ್ತಿಯಿಂದ ದೂರ ಕೂರಿಸುವುದು, ಮಠದ ಕಡೆಯಿಂದ ಕಾಗದ, ಇವೆಲ್ಲ ಆ ದಿನಗಳಲ್ಲಿ ಎಷ್ಟೋ ಸಮುದಾಯಗಳಲ್ಲಿ ನಡೆದವು. ಈಗ ನಮ್ಮ ಕಟ್ಟಡದಲ್ಲಿ ದುಬೈಗೆ ಹೋಗದ ಮನೆ ಇಲ್ಲ. ಆ ಬಾಗಿಲನ್ನು ಯಾರೋ ಮೊದಲು ತಳ್ಳಬೇಕಿತ್ತು.

ಅದೇ ಡಿಸೆಂಬರ್ 28ರಂದು ಮುಂಬಯಿಯ ಗೋಕುಲದಾಸ್ ತೇಜಪಾಲ್ ಸಂಸ್ಕೃತ ಕಾಲೇಜಿನಲ್ಲಿ 72 ಪ್ರತಿನಿಧಿಗಳು ಸೇರಿ ಕಾಂಗ್ರೆಸ್ ಶುರುವಾಯಿತು. 15 ವರ್ಷದ ನಂತರ ಅದೇ ಕಾಂಗ್ರೆಸ್ಸಿಗೆ ಇವರು ಅಧ್ಯಕ್ಷರು.

ಪ್ರಾರ್ಥನಾ ಸಮಾಜ ಅಂದರೆ ಬಸ್ ಸ್ಟಾಪ್ ಅಲ್ಲವೇ?

ಈ ಪ್ರಶ್ನೆ ಕೇಳಿದವರ ಮೇಲೆ ನನಗೆ ಬೇಸರ ಇಲ್ಲ. ಬಹಳ ವರ್ಷ ನನಗೂ ಅದು ಬಸ್ ಸ್ಟಾಪೇ. ಕಂಡಕ್ಟರ್ “ಪ್ರಾರ್ಥನಾ ಸಮಾಜ್, ಪ್ರಾರ್ಥನಾ ಸಮಾಜ್” ಅಂತ ಕೂಗುತ್ತಿದ್ದ, ನಾವು ಇಳಿಯುತ್ತಿದ್ದೆವು. ರಸ್ತೆಯ ಹೆಸರು ರಾಜಾ ರಾಮಮೋಹನ ರಾಯ್ ಅಂತ ಇದೆಯಲ್ಲ, ಯಾಕೆ ಇರಬಹುದು ಅಂತಲೂ ಯೋಚಿಸಿರಲಿಲ್ಲ. ಒಂದು ದಿನ ಸುಮ್ನೆ ತಲೆ ಎತ್ತಿ ನೋಡಿದೆ. ಸ್ಟಾಪಿಗೆ ಹೆಸರು ಕೊಟ್ಟ ಮಂದಿರ ಇಲ್ಲೇ ಇದೆ ಅಂತ ಆಗ ಗೊತ್ತಾಯಿತು.

1867ರಲ್ಲಿ ಡಾಕ್ಟರ್ ಆತ್ಮಾರಾಮ ಪಾಂಡುರಂಗ ಮತ್ತು ಗೆಳೆಯರು ಇದನ್ನು ಕಟ್ಟಿದರು. ಬಂಗಾಳದ ಬ್ರಾಹ್ಮ ಸಮಾಜದ ಮುಂದಾಳು ಕೇಶವಚಂದ್ರ ಸೇನರ ಮಾತು ಕೇಳಿ ಹುಟ್ಟಿದ ಉತ್ಸಾಹ ಅದು. ಮುಂದೆ ಹೈಕೋರ್ಟ್ ನ್ಯಾಯಮೂರ್ತಿಯಾದ ಮಹಾದೇವ ಗೋವಿಂದ ರಾನಡೆ, ಸಂಸ್ಕೃತ ವಿದ್ವಾಂಸ ರಾಮಕೃಷ್ಣ ಗೋಪಾಲ ಭಾಂಡಾರ್ಕರ್ ಬಂದು ಸೇರಿದ ಮೇಲೆ ಅದಕ್ಕೆ ಗಟ್ಟಿ ಬುನಾದಿ ಸಿಕ್ಕಿತು. ದೇವರು ಒಬ್ಬ, ಮೂರ್ತಿ ಬೇಡ, ಪುರೋಹಿತ ಬೇಡ. ಒಟ್ಟಿಗೆ ಕೂತು ಪ್ರಾರ್ಥನೆ, ತುಕಾರಾಮರ ಅಭಂಗ. ನಾವು ವಚನ ಕೇಳಿ ಬೆಳೆದವರು, ಈ ದಾರಿ ನಮಗೆ ಪರಕೀಯ ಅನಿಸುವುದಿಲ್ಲ. ದೇಹವೇ ದೇಗುಲ ಅನ್ನುವುದನ್ನು ನಮ್ಮಲ್ಲಿ 12ನೇ ಶತಮಾನದಲ್ಲೇ ಹೇಳಿ ಆಗಿತ್ತು.

ರಾಮಮೋಹನ ರಾಯ್ ಶುರು ಮಾಡಿದ ಬಂಗಾಳದ ಬ್ರಾಹ್ಮ ಸಮಾಜಕ್ಕೂ ಇದಕ್ಕೂ ಒಂದು ವ್ಯತ್ಯಾಸ. ಇಲ್ಲಿಯವರು ಹಿಂದೂ ಸಮಾಜದಿಂದ ಬೇರೆಯಾಗಿ ನಿಲ್ಲಲಿಲ್ಲ. ಜನಿವಾರ ತೆಗೆದು ಬಾ ಅಂತ ಯಾರಿಗೂ ಹೇಳಲಿಲ್ಲ. ಮನೆಯಲ್ಲಿ ಹಬ್ಬ ಹುಣ್ಣಿಮೆ ನಡೆಯಲಿ, ಇಲ್ಲಿ ಬಂದು ಪ್ರಾರ್ಥನೆ ಮಾಡಿ ಅಂದರು. ಇದು ಅಂಜುಬುರುಕತನ ಅಂತ ಆಗಲೂ ಟೀಕೆ ಇತ್ತು. ಒಳಗೇ ಇದ್ದು ತಿದ್ದುವುದು ನಿಧಾನದ ಕೆಲಸ, ಆದರೆ ಮನೆಯವರನ್ನು ಬಿಡದೆ ಕರೆದುಕೊಂಡು ಹೋಗುವ ಕೆಲಸ. ರಾನಡೆ 1901ರ ಜನವರಿ 16ರಂದು ತೀರಿಕೊಂಡರು. ಆಮೇಲೆ ಸಮಾಜದ ಹೊಣೆ ಚಂದಾವರ್ಕರ್ ಹೆಗಲಿಗೆ ಬಂತು. ಹೈಕೋರ್ಟಿನ ಪೀಠವೂ ಅದೇ ವರ್ಷ.

ಸಮಾಜ ಬರೀ ಪ್ರಾರ್ಥನೆ ಮಾಡುತ್ತಿತ್ತೇ, ಬೇರೆ ಕೆಲಸವೂ ಇತ್ತೇ?

ಪಂಢರಪುರದಲ್ಲಿ 1875ರಲ್ಲಿ ಶುರುವಾದ ಅನಾಥ ಮಕ್ಕಳ ಆಶ್ರಮ ಇತ್ತು. ‘ಸುಬೋಧ ಪತ್ರಿಕಾ’ ಇತ್ತು. ಕೂಲಿಗಾರರಿಗೆ ರಾತ್ರಿ ಶಾಲೆಗಳು ಇದ್ದವು.

ರಾತ್ರಿ ಶಾಲೆ ಅಂದ ಕೂಡಲೇ ನಾನು ಸ್ವಲ್ಪ ನಿಲ್ಲುತ್ತೇನೆ. ನಮ್ಮ ಅಪ್ಪ ಕುಮಟಾ ಕಡೆಯಿಂದ ಹದಿಮೂರನೇ ವಯಸ್ಸಿಗೆ ಬಂದು ಗಿರ್ಗಾಂವಿನ ಒಂದು ಹೋಟೆಲಿಗೆ ಸೇರಿದರು. ಬೆಳಿಗ್ಗೆ ನಾಲ್ಕಕ್ಕೆ ರುಬ್ಬುವ ಕಲ್ಲು, ಆಮೇಲೆ ಕಪ್ಪು ಬಸಿ ತೊಳೆಯುವುದು. ಸಂಜೆ ಏಳೂವರೆಗೆ ಅಂಗಿ ಬದಲಾಯಿಸಿ ಕನ್ನಡ ರಾತ್ರಿ ಶಾಲೆಗೆ ಓಡುವುದು. ಅವರ ಎಂಟನೇ ತರಗತಿಯ ಲೆಕ್ಕದ ಪುಸ್ತಕ ಈಗಲೂ ನನ್ನ ಹತ್ತಿರ ಇದೆ. ಹಾಳೆಯ ಅಂಚಿಗೆ ಎಣ್ಣೆಯ ಬೆರಳಚ್ಚು. ಒಂದು ಪುಟದಲ್ಲಿ ಭಾಗಾಕಾರ ಅರ್ಧಕ್ಕೇ ನಿಂತು, ಪೆನ್ಸಿಲಿನ ಗೆರೆ ಓರೆಯಾಗಿ ಕೆಳಗೆ ಜಾರಿದೆ. ನಿದ್ದೆ ಬಂದದ್ದು ಅಲ್ಲಿ. ಅದರ ಕೆಳಗೇ ಮಾಸ್ತರರು ಕೆಂಪು ಶಾಯಿಯಲ್ಲಿ ಉಳಿದ ಲೆಕ್ಕವನ್ನು ತಾವೇ ಮಾಡಿ ತೋರಿಸಿದ್ದಾರೆ. ಬೈದು ಬರೆದಿಲ್ಲ.

ದುಡಿಯುವ ಹುಡುಗನಿಗೆ ರಾತ್ರಿ ದೀಪ ಹಚ್ಚಿ ಕಲಿಸಬೇಕು ಅನ್ನುವ ಯೋಚನೆ ಈ ಶಹರದಲ್ಲಿ ಬೇರೂರಲು ಪ್ರಾರ್ಥನಾ ಸಮಾಜದಂಥವರು ಕಾರಣ. 1911ರಲ್ಲಿ ಕಾರ್ಮಿಕ ಮುಂದಾಳು ಎನ್.ಎಂ. ಜೋಶಿ ಸೋಶಿಯಲ್ ಸರ್ವಿಸ್ ಲೀಗ್ ಕಟ್ಟಿದಾಗ ಚಂದಾವರ್ಕರ್ ಅದರ ಅಧ್ಯಕ್ಷರಾಗಿದ್ದರು. ಗಿರಣಿ ಪ್ರದೇಶದಲ್ಲಿ ರಾತ್ರಿ ಶಾಲೆ, ವಾಚನಾಲಯ ನಡೆಸಿದ ಸಂಸ್ಥೆ ಅದು. ನಮ್ಮ ಕನ್ನಡ ರಾತ್ರಿ ಶಾಲೆಗಳು ಬೇರೆ ಜನ, ಬೇರೆ ಸಂಘಗಳು ಕಟ್ಟಿದ್ದು. ಆದರೂ ಗಾಳಿ ಒಂದೇ.

ಮದುವೆ, ಹೆಣ್ಣುಮಕ್ಕಳ ವಿಷಯದಲ್ಲಿ ಅವರ ನಿಲುವು ಏನು?

ಬಾಲ್ಯವಿವಾಹಕ್ಕೆ ವಿರೋಧ, ವಿಧವೆಯರ ಮರುಮದುವೆಗೆ ಬೆಂಬಲ, ಹೆಣ್ಣುಮಕ್ಕಳ ಓದಿಗೆ ಬೆಂಬಲ. ವಿಧವೆಯರು ಮದುವೆಯಾಗಬಹುದು ಅಂತ ಕಾನೂನು 1856ರಲ್ಲೇ ಬಂದಿತ್ತು. ಆದರೆ ಕಾನೂನು ಬಂದರೆ ಆಯಿತೇ? ಪಂಕ್ತಿಯಲ್ಲಿ ಎಲೆ ಹಾಕುವವರು ಯಾರು, ಆ ಮನೆಗೆ ಹೆಣ್ಣು ಕೊಡುವವರು ಯಾರು? ಚಂದಾವರ್ಕರ್ ತಲೆಮಾರಿನವರ ನಿಜವಾದ ಹೋರಾಟ ಇದ್ದದ್ದು ಊಟದ ಎಲೆಯ ಮುಂದೆ.

1891ರಲ್ಲಿ ಸಮ್ಮತಿ ವಯಸ್ಸಿನ ಕಾನೂನು ಬಂತು. ಹುಡುಗಿಯರ ವಯಸ್ಸಿನ ಮಿತಿಯನ್ನು 10ರಿಂದ 12ಕ್ಕೆ ಏರಿಸಿದ್ದು, ಅಷ್ಟೇ. ಎರಡು ವರ್ಷ. ಅಷ್ಟಕ್ಕೇ ಪುಣೆ, ಮುಂಬಯಿ, ಕಲ್ಕತ್ತಾ ಹೊತ್ತಿ ಉರಿದವು. ನಮ್ಮ ಮನೆ ವಿಷಯಕ್ಕೆ ಪರಕೀಯ ಸರಕಾರ ಯಾಕೆ ಕೈಹಾಕಬೇಕು ಅಂತ ತಿಲಕರು ವಿರೋಧಿಸಿದರು. ಚಂದಾವರ್ಕರ್ ಇದ್ದದ್ದು ಸುಧಾರಕರ ಕಡೆ. ಹತ್ತು ವರ್ಷದ ಮಗುವಿನ ಮುಖ ಕಣ್ಣ ಮುಂದೆ ತಂದುಕೊಂಡರೆ ಯಾರ ಕಡೆ ನಿಲ್ಲಬೇಕು ಅಂತ ನನಗೆ ಅನುಮಾನ ಬರುವುದಿಲ್ಲ.

ಸುಧಾರಕರು ತಮ್ಮ ಮನೆಯಲ್ಲೇ ಸೋತದ್ದೂ ಉಂಟು. ರಾನಡೆಯವರು ಮೊದಲ ಹೆಂಡತಿ ತೀರಿಕೊಂಡ ಮೇಲೆ 1873ರಲ್ಲಿ ತಂದೆಯ ಒತ್ತಾಯಕ್ಕೆ ಮಣಿದು ಹನ್ನೊಂದು ವರ್ಷದ ರಮಾಬಾಯಿಯನ್ನು ಮದುವೆಯಾದರು. ವಿಧವೆಯನ್ನು ಮದುವೆಯಾಗಲಿಲ್ಲ. ಆದರೆ ಅದೇ ರಮಾಬಾಯಿಗೆ ಓದು ಕಲಿಸಿದರು. ಆಕೆ ಮುಂದೆ ಹೆಂಗಸರ ಓದು, ಕಸುಬಿಗಾಗಿ ಇದ್ದ ಪುಣೆಯ ಸೇವಾ ಸದನವನ್ನು ಬೆಳೆಸಿದರು.

ಕಾಂಗ್ರೆಸ್ ಮತ್ತು ಸಮಾಜ ಸುಧಾರಣೆ ಎರಡನ್ನೂ ಒಟ್ಟಿಗೆ ಹೇಗೆ ನಡೆಸಿದರು?

ಕಷ್ಟದಿಂದ. 1887ರಿಂದ ಕಾಂಗ್ರೆಸ್ ಅಧಿವೇಶನ ಮುಗಿದ ಮೇಲೆ ಅದೇ ಚಪ್ಪರದಲ್ಲಿ ಸಮಾಜ ಸುಧಾರಣೆಯ ಮಾತಿಗಾಗಿ ರಾನಡೆಯವರ ಸೋಶಿಯಲ್ ಕಾನ್ಫರೆನ್ಸ್ ನಡೆಯುತ್ತಿತ್ತು. 1895ರಲ್ಲಿ ಪುಣೆಯಲ್ಲಿ ಅದಕ್ಕೆ ಎಂಥ ವಿರೋಧ ಎದ್ದಿತೆಂದರೆ, ಚಪ್ಪರಕ್ಕೇ ಬೆಂಕಿ ಹಚ್ಚುತ್ತೇವೆ ಅನ್ನುವ ಬೆದರಿಕೆ ಬಂತು. ರಾನಡೆ ಸಭೆಯನ್ನು ಬೇರೆ ಕಡೆ ನಡೆಸಿದರು. ಸ್ವರಾಜ್ಯ ಮೊದಲೋ, ಮನೆ ಗುಡಿಸುವುದು ಮೊದಲೋ ಅನ್ನುವ ಜಗಳ ಅದು. ಎರಡೂ ಒಂದೇ ಕೆಲಸ ಅನ್ನುವವರ ಸಾಲಿನಲ್ಲಿ ಚಂದಾವರ್ಕರ್ ಇದ್ದರು. ರಾನಡೆ ಹೋದ ಮೇಲೆ ಸುಧಾರಣೆಯ ಸಭೆಗಳಲ್ಲಿ ಎಲ್ಲರೂ ಕಣ್ಣು ಹಾಯಿಸುತ್ತಿದ್ದದ್ದು ಇವರ ಕಡೆಗೇ.

ಅಸ್ಪೃಶ್ಯತೆಯ ವಿರುದ್ಧ ನಿಜವಾಗಿ ಏನು ಮಾಡಿದರು?

ಇದರಲ್ಲಿ ಇನ್ನೊಬ್ಬ ಕರ್ನಾಟಕದವರ ಹೆಸರು ಮೊದಲು ಹೇಳಬೇಕು. ವಿಠ್ಠಲ ರಾಮಜಿ ಶಿಂದೆ. 1873ರಲ್ಲಿ ಜಮಖಂಡಿಯಲ್ಲಿ ಹುಟ್ಟಿದವರು. ಪುಣೆಯಲ್ಲಿ ಓದಿದರು. ಪ್ರಾರ್ಥನಾ ಸಮಾಜದ ನಂಟಿನಿಂದ 1901ರಲ್ಲಿ ಆಕ್ಸ್‌ಫರ್ಡಿಗೆ ಹೋಗಿ ಧರ್ಮಗಳನ್ನು ಅಧ್ಯಯನ ಮಾಡಿ ಬಂದರು. ಬಂದವರು ಸಮಾಜದ ಪ್ರಚಾರಕರಾಗಿ ಮುಂಬಯಿಯಲ್ಲಿ ನಿಂತರು.

1906ರ ಅಕ್ಟೋಬರ್ 18, ದೀಪಾವಳಿ ಪಾಡ್ಯ. ಪರೇಲಿನ ಗಿರಣಿಗಳ ನಡುವೆ, ಅಸ್ಪೃಶ್ಯರಿಗಾಗಿ ಕಟ್ಟಿದ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ನಿನ ಮೊದಲ ಶಾಲೆ ಶುರುವಾಯಿತು. ಅಧ್ಯಕ್ಷರು ನ್ಯಾಯಮೂರ್ತಿ ಚಂದಾವರ್ಕರ್, ಕಾರ್ಯದರ್ಶಿ ಶಿಂದೆ. ಬೀದಿ ಸುತ್ತಿ, ಕೇರಿಗೆ ಹೋಗಿ, ಮಕ್ಕಳನ್ನು ಕರೆತಂದ ಕೆಲಸ ಶಿಂದೆಯವರದು. ಚಂದಾವರ್ಕರ್ ಕೊಟ್ಟದ್ದು ಹೆಸರು ಮತ್ತು ಬೆನ್ನಾಸರೆ. ಹೈಕೋರ್ಟ್ ನ್ಯಾಯಮೂರ್ತಿಯೊಬ್ಬರು ಮುಂದೆ ನಿಂತರೆ ದಾನ ಕೊಡುವ ಸೇಠರು ಮುಂದೆ ಬರುತ್ತಾರೆ, ಅಧಿಕಾರಿಗಳು ಜಾಗ ತೋರಿಸುತ್ತಾರೆ. ಇಬ್ಬರ ಪಾಲನ್ನೂ ಬೇರೆ ಬೇರೆಯಾಗಿ ಹೇಳಬೇಕು. ಒಬ್ಬರ ಬೆವರನ್ನು ಇನ್ನೊಬ್ಬರ ಖಾತೆಗೆ ಹಾಕಬಾರದು.

1917ರ ನವೆಂಬರ್ 11ರಂದು ಮುಂಬಯಿಯಲ್ಲಿ ದಲಿತರ ಒಂದು ದೊಡ್ಡ ಸಭೆ ನಡೆಯಿತು. ಅಧ್ಯಕ್ಷತೆ ಇವರದು. ಅಸ್ಪೃಶ್ಯತೆ ಹೋಗಬೇಕು ಅಂತ ಕಾಂಗ್ರೆಸ್ ತಾನೇ ಗೊತ್ತುವಳಿ ಮಾಡಬೇಕು ಅಂತ ಆ ಸಭೆ ಕೇಳಿತು. ಅದೇ ಡಿಸೆಂಬರಿನಲ್ಲಿ ಕಲ್ಕತ್ತಾ ಕಾಂಗ್ರೆಸ್ ಗೊತ್ತುವಳಿ ಮಾಡಿತು.

ಮಂಗಳೂರಿನ ಕುದ್ಮುಲ್ ರಂಗರಾವ್ ಇದಕ್ಕಿಂತ ಮೊದಲೇ ಮಾಡಿರಲಿಲ್ಲವೇ?

ಮಾಡಿದ್ದರು. ಮಂಗಳೂರು ಕಡೆಯವರು ಇದನ್ನು ನೆನಪಿಸದೆ ಬಿಡುವುದಿಲ್ಲ, ಬಿಡಲೂಬಾರದು. ಅವರೂ ವಕೀಲರು, ಅವರೂ ಚಿತ್ರಾಪುರ ಸಾರಸ್ವತರು. ಮಂಗಳೂರಿನಲ್ಲಿ 1897ರಲ್ಲೇ ಇಂಥದೇ ಮಿಷನ್ ಕಟ್ಟಿದರು, ಮುಂಬಯಿಗಿಂತ ಒಂಬತ್ತು ವರ್ಷ ಮೊದಲು. ಸ್ವಂತ ಸಮುದಾಯದ ಬಹಿಷ್ಕಾರ ಸಹಿಸಿದರು. ಚಂದಾವರ್ಕರ್ ಅವರಿಗಿಂತ ರಂಗರಾವ್ ತೆತ್ತ ಬೆಲೆ ಜಾಸ್ತಿ ಅಂತ ನಾನು ಒಪ್ಪುತ್ತೇನೆ. ದೊಡ್ಡ ಶಹರದಲ್ಲಿ ಒಬ್ಬ ಮುಖ ತಿರುಗಿಸಿದರೆ ಇನ್ನೊಬ್ಬ ಮಾತಾಡಿಸುತ್ತಾನೆ. ಸಣ್ಣ ಊರಿನಲ್ಲಿ ಹಾಗಲ್ಲ.

ಸಾವರ್ಕರರಿಗೆ ಶಿಕ್ಷೆ ಕೊಟ್ಟವರಲ್ಲಿ ಇವರೂ ಇದ್ದರಂತೆ. ನಿಜವೇ?

ನಿಜ. 1909ರ ಡಿಸೆಂಬರಿನಲ್ಲಿ ನಾಸಿಕದ ಕಲೆಕ್ಟರ್ ಜಾಕ್ಸನ್ ಕೊಲೆಯಾಯಿತು. ಆ ಸಂಬಂಧದ ಸಂಚಿನ ಮೊಕದ್ದಮೆಯನ್ನು ಮೂವರ ವಿಶೇಷ ಪೀಠ ನಡೆಸಿತು. ಮುಖ್ಯ ನ್ಯಾಯಮೂರ್ತಿ ಬೇಸಿಲ್ ಸ್ಕಾಟ್, ಚಂದಾವರ್ಕರ್, ಹೀಟನ್. 1910ರ ಡಿಸೆಂಬರ್ 24ರಂದು ವಿನಾಯಕ ದಾಮೋದರ ಸಾವರ್ಕರರಿಗೆ ಕರಿನೀರಿನ ಶಿಕ್ಷೆ ಆಯಿತು. ಅಣ್ಣ ಗಣೇಶ ಸಾವರ್ಕರರ ಅಪೀಲನ್ನು 1909ರಲ್ಲಿ ತಳ್ಳಿದ ಪೀಠದಲ್ಲೂ ಚಂದಾವರ್ಕರ್ ಇದ್ದರು. ಅವರಿಗೆ ‘ಸರ್’ ಪದವಿ ಬಂದದ್ದು 1910ರಲ್ಲಿ. ನಡಿಗೆಯಲ್ಲಿ ಇದನ್ನು ಹೇಳಿದಾಗ ಕೆಲವರ ಮುಖ ಬಾಡುತ್ತದೆ. ಆದರೂ ಬಿಟ್ಟು ಹೇಳುವುದು ಸರಿಯಲ್ಲ. ಪೀಠದ ಮೇಲೆ ಕೂತವರು ಆ ಸರಕಾರದ ಕಾನೂನನ್ನು ನಂಬಿದವರು. ಅದು ಅವರ ಬದುಕಿನ ಒಂದು ಭಾಗ.

ಗಾಂಧೀಜಿ ಜೊತೆ ಹೇಗಿತ್ತು?

ಗೌರವ ಇತ್ತು, ಒಪ್ಪಿಗೆ ಇರಲಿಲ್ಲ. ಅಸಹಕಾರ ನಮ್ಮ ಧರ್ಮಕ್ಕೆ ಒಪ್ಪುವುದಿಲ್ಲ ಅಂತ 1920ರಲ್ಲಿ ಚಂದಾವರ್ಕರ್ ಮತ್ತು ಕೆಲವರು ಹೇಳಿಕೆ ಹೊರಡಿಸಿದರು. ಗಾಂಧೀಜಿ ‘ಯಂಗ್ ಇಂಡಿಯಾ’ದಲ್ಲಿ ಉದ್ದಕ್ಕೆ ಉತ್ತರ ಬರೆದರು. ಇಷ್ಟು ದೊಡ್ಡ ವಿದ್ವಾಂಸರ ಜೊತೆ ವಾದಕ್ಕೆ ಇಳಿಯಲು ಮನಸ್ಸಿಲ್ಲ ಅಂತ ಮೊದಲೇ ಹೇಳಿ, ಆಮೇಲೆ ಒಂದೊಂದೇ ಮಾತನ್ನು ಕಳಚಿ ಇಟ್ಟರು. ಹೊಸ ಕಾಲ ಬಂದಿತ್ತು. ಈ ವಾದದಲ್ಲಿ ಗಾಂಧೀಜಿ ಮಾತೇ ಸರಿ ಅಂತ ನನಗೆ ಅನಿಸುತ್ತದೆ. ಆದರೆ ಇಬ್ಬರೂ ಮಾತು ಬಿಡದೆ ವಾದ ಮಾಡಿದರಲ್ಲ, ಅದು ಇಷ್ಟ.

ಬೇರೆ ಯಾವ ಹುದ್ದೆಗಳಲ್ಲಿದ್ದರು?

1909ರಿಂದ 1912ರವರೆಗೆ ಮುಂಬಯಿ ವಿಶ್ವವಿದ್ಯಾಲಯದ ಉಪಕುಲಪತಿ. ಹೈಕೋರ್ಟ್ ಬಿಟ್ಟ ಮೇಲೆ ಸ್ವಲ್ಪ ಕಾಲ ಇಂದೋರ್ ಸಂಸ್ಥಾನದ ದಿವಾನರು. 1921ರಿಂದ ಮುಂಬಯಿ ಶಾಸನ ಸಭೆಯ ಅಧ್ಯಕ್ಷರು, ಈಗಿನ ಮಾತಿನಲ್ಲಿ ಸ್ಪೀಕರ್ ಇದ್ದ ಹಾಗೆ.

ಅಂಬೇಡ್ಕರ್ ಇವರನ್ನು ಮೆಚ್ಚುತ್ತಿದ್ದರೇ?

1917ರ ಆ ಸಭೆಯ ಬಗ್ಗೆ ಅಂಬೇಡ್ಕರ್ ಬರೆದಿದ್ದಾರೆ, ಮೆಚ್ಚಿ ಬರೆದದ್ದಲ್ಲ. ಕಾಂಗ್ರೆಸ್ಸಿಗೆ ಆಗ ತನ್ನ ರಾಜಕೀಯ ಯೋಜನೆಗೆ ದಲಿತರ ಬೆಂಬಲ ಬೇಕಿತ್ತು, ಅದಕ್ಕಾಗಿ ಈ ಕೊಡು-ಕೊಳ್ಳು ನಡೆಯಿತು ಅನ್ನುವುದು ಅವರ ವಾದ. ಓದಿದಾಗ ನನಗೆ ಮೊದಲು ಬೇಸರವಾಯಿತು. ಆಮೇಲೆ ಯೋಚಿಸಿದೆ. ಬಾಗಿಲು ತೆರೆಯುವವನು ಒಳಗೇ ಕೂತಿರುತ್ತಾನೆ. ಹೊರಗೆ ನಿಂತವನ ಕಾಲು ಎಷ್ಟು ನೋಯುತ್ತದೆ ಅಂತ ಅವನಿಗೆ ಪೂರ್ತಿ ತಿಳಿಯುವುದಿಲ್ಲ. ಮೇಲ್ಜಾತಿಯ ಸುಧಾರಕರು ಕೊಟ್ಟ ಶಾಲೆ ನಿಜ, ಅವರು ತಮ್ಮ ಜಾಗ ಬಿಟ್ಟುಕೊಡಲಿಲ್ಲ ಅನ್ನುವುದೂ ನಿಜ.

ಈಗ ಮುಂಬಯಿಯಲ್ಲಿ ಏನು ನೋಡಬಹುದು?

ಓವಲ್ ಮೈದಾನದಲ್ಲಿ ನಿಂತು ಎದುರಿಗೆ ನೋಡಿ. 1878ರಲ್ಲಿ ಮುಗಿದ ಹೈಕೋರ್ಟ್ ಕಟ್ಟಡ, ಅದರ ಪಕ್ಕದಲ್ಲೇ ವಿಶ್ವವಿದ್ಯಾಲಯ, ರಾಜಾಬಾಯಿ ಗೋಪುರ. ಒಬ್ಬರ ಕೆಲಸದ ಬದುಕು ಹೆಚ್ಚುಕಡಿಮೆ ಈ ಒಂದು ನೋಟದಲ್ಲಿ ಸಿಗುತ್ತದೆ. ಭಾನುವಾರ ಕೋರ್ಟಿಗೆ ರಜೆ, ಹೊರಗಿನಿಂದಲೇ ನೋಡಬೇಕು. ಅಲ್ಲಿಂದ ಗೋವಾಲಿಯಾ ಟ್ಯಾಂಕ್ ಹತ್ತಿರ ಕಾಂಗ್ರೆಸ್ ಶುರುವಾದ ತೇಜಪಾಲ್, ಆಮೇಲೆ ಗಿರ್ಗಾಂವಿನ ಪ್ರಾರ್ಥನಾ ಸಮಾಜ. ಮಂದಿರದ ಮುಂದೆ ಒಂದು ಗಳಿಗೆ ನಿಲ್ಲಿ. ಹೊರಗೆ ಬಸ್ಸಿನ ಹಾರ್ನ್ ನಿಲ್ಲುವುದೇ ಇಲ್ಲ.

ಅವರು ಹೋದ ಮೇಲೆ ಏನಾಯಿತು?

1923ರ ಮೇ ತಿಂಗಳಲ್ಲಿ ತೀರಿಕೊಂಡರಲ್ಲ, ಮೂರು ತಿಂಗಳೂ ತುಂಬಿರಲಿಲ್ಲ. ಅವರು ಅಧ್ಯಕ್ಷರಾಗಿದ್ದ ಅದೇ ಶಾಸನ ಸಭೆಯಲ್ಲಿ, ಆಗಸ್ಟ್ 4ರಂದು, ಸೀತಾರಾಮ ಕೇಶವ ಬೋಲೆ ಒಂದು ಗೊತ್ತುವಳಿ ತಂದರು. ಸರಕಾರದ ಹಣದಲ್ಲಿ ನಡೆಯುವ ಕೆರೆ, ಬಾವಿ, ಧರ್ಮಶಾಲೆ, ಶಾಲೆ, ಆಸ್ಪತ್ರೆಗಳು ಅಸ್ಪೃಶ್ಯರಿಗೂ ತೆರೆದಿರಬೇಕು ಅಂತ. ಸಭೆ ಒಪ್ಪಿತು. ಕೊಂಕಣದ ಮಹಾಡ ಊರಿನ ಪುರಸಭೆಯೂ ತನ್ನ ಕೆರೆ ಎಲ್ಲರಿಗೂ ತೆರೆದಿದೆ ಅಂತ ಹೇಳಿತು, ಆದರೆ ಊರಿನವರು ಬಿಡಲಿಲ್ಲ. 1927ರ ಮಾರ್ಚ್ 20ರಂದು ಅಂಬೇಡ್ಕರ್ ಸಾವಿರಾರು ಜನರ ಜೊತೆ ಆ ಚವದಾರ್ ಕೆರೆಗೆ ನಡೆದುಕೊಂಡು ಹೋಗಿ ನೀರು ಕುಡಿದರು.